ಕೊಟ್ಟದ್ದೆಷ್ಟು, ಕೇಳಿದ್ದೇನು?

ನಾವು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ಓದು ಬಿ.ಎ.ವರೆಗೆ. ಹಿಮಾಯತ್‌ನಗರದ ಒಂದು ಗಲ್ಲಿಯಲ್ಲಿ, ಎರಡನೆಯ ಮಹಡಿಯ ಬಾಡಿಗೆ ಮನೆಯಲ್ಲಿ ನಮ್ಮ ಸಂಸಾರ. ಇಂಥ ನಾವು ಬುದ್ಧಿಶಕ್ತಿಯ ಪರೀಕ್ಷೆಗಳನ್ನು ಕುರಿತು ಲೇಖನ ಬರೆಯಹೊರಟಿದ್ದೇವೆಂದರೆ ನಮ್ಮನ್ನು ಬಲ್ಲವರು ನಗುವುದು ಸಹಜ. ನಗಲಿ, ಆದರೆ ಪೂರ್ತಿ ಓದಿದ ಮೇಲೆ ನಗಲಿ ಎಂಬುದಷ್ಟೇ ನಮ್ಮ ಬೇಡಿಕೆ.

ನಮ್ಮ ಮನೆಯಿಂದ ಕಾಲು ಗಂಟೆ ನಡೆದರೆ ಅಶೋಕನಗರ. ಇನ್ನೊಂದಿಷ್ಟು ಮುಂದಕ್ಕೆ ಹೋದರೆ ಚಿಕ್ಕಡಪಲ್ಲಿಯ ನಗರ ಕೇಂದ್ರ ಗ್ರಂಥಾಲಯ. ನೌಕರಿಯ ಪರೀಕ್ಷೆಗೆ ಓದುವ ಹುಡುಗರಿಗೆ ಹೈದರಾಬಾದಿನಲ್ಲಿ ಇವೆರಡೇ ಕಾಶಿ, ರಾಮೇಶ್ವರ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ರಾತ್ರಿ ದೀಪ ಆರಿಸುವವರೆಗೆ ಕೂತು ಬರುವವರನ್ನು ನಾವು ದಿನವೂ ನೋಡುತ್ತೇವೆ. ಹೋದ ವರ್ಷ ಜೂನ್ ತಿಂಗಳಿನಲ್ಲಿ ಅವರ ಪೈಕಿ ಒಬ್ಬಳು ನಮ್ಮ ಮನೆಯವಳೇ ಆದಳು.

ಇಲ್ಲಿ ಸ್ವಲ್ಪ ಮನೆಯ ಸಂಗತಿ ಹೇಳಬೇಕು. ನಮ್ಮ ತಾತನವರು ನಿಜಾಮರ ಕಾಲದಲ್ಲಿ ಈ ಊರಿಗೆ ನೌಕರಿಗೆ ಬಂದವರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಗಿ, ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಮೈಸೂರಿಗೆ ಸೇರಿದುವು. ಊರು ಅತ್ತ ಹೋಯಿತು, ತಾತ ಇತ್ತ ಉಳಿದರು. ನಮ್ಮ ಅಕ್ಕನನ್ನು ಮಾತ್ರ ಮರಳಿ ಬೀದರ ಜಿಲ್ಲೆಯ ಹಳ್ಳಿಗೇ ಕೊಟ್ಟೆವು. ಆ ಅಕ್ಕನ ಮಗಳು ಬಿ.ಎಸ್ಸಿ. ಮುಗಿಸಿ, ಬ್ಯಾಂಕಿನ ಗುಮಾಸ್ತೆಯ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ತಪ್ಪಿ, ಮೂರನೆಯದಕ್ಕೆ ಓದಲೆಂದು ಒಂದು ಟ್ರಂಕು ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಹುಡುಗಿಯನ್ನು ಬಿಟ್ಟು ಹೋಗಲು ಬಂದ ಭಾವನವರು ಚಹ ಕುಡಿದು ಲೋಟ ಕೆಳಗಿಡುತ್ತ, “ಇದೇ ಕಡೀ ಸಲ. ಆಗಲಿಲ್ಲಂದ್ರ ಓದು ಸಾಕು; ಎರಡು ಕಡೆ ವರ ನೋಡೇವಿ” ಎಂದರು. ಹುಡುಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು, ಏನೂ ಹೇಳಲಿಲ್ಲ.

ಇಂಗ್ಲಿಷ್ ಆಗುತ್ತಿತ್ತು, ಲೆಕ್ಕ ಆಗುತ್ತಿತ್ತು. ಎರಡು ಸಲವೂ ಅವಳನ್ನು ಕೆಳಕ್ಕೆಳೆದದ್ದು ಎಲ್ಲರೂ ‘ರೀಸನಿಂಗ್’ ಎಂದು ಕರೆಯುವ ತರ್ಕದ ಪ್ರಶ್ನೆಗಳು.

ಮೂವತ್ತನಾಲ್ಕು ಸೆಕೆಂಡು

ಈ ತರ್ಕ ಇಂದು ಎಲ್ಲಿಲ್ಲ ಹೇಳಿ. ಬ್ಯಾಂಕ್ ಗುಮಾಸ್ತರ ಪ್ರಾಥಮಿಕ ಪರೀಕ್ಷೆಯ 100 ಪ್ರಶ್ನೆಗಳಲ್ಲಿ 35 ಇದರವು. ರೈಲ್ವೆಯ ಎನ್.ಟಿ.ಪಿ.ಸಿ. ಪರೀಕ್ಷೆಯ ಮೊದಲ ಹಂತದಲ್ಲಿ 100ಕ್ಕೆ 30. ಪದವೀಧರರಿಗಾಗಿ ಕೇಂದ್ರ ಸರಕಾರದ ಸಿಬ್ಬಂದಿ ನೇಮಕಾತಿ ಆಯೋಗ ನಡೆಸುವ ಪರೀಕ್ಷೆಯ ಮೊದಲ ಹಂತದಲ್ಲಿ 100ಕ್ಕೆ 25. ಎಂ.ಬಿ.ಎ., ಎಂ.ಸಿ.ಎ. ಸೇರುವವರು ಬರೆಯುವ ನಮ್ಮ ತೆಲಂಗಾಣದ ಐಸೆಟ್ ಪರೀಕ್ಷೆಯಲ್ಲಿ 200ಕ್ಕೆ 75. ಊರಿನಲ್ಲಿರುವ ಅಣ್ಣತಮ್ಮಂದಿರ ಮಕ್ಕಳು ಐದನೆಯ ತರಗತಿಯಲ್ಲಿದ್ದು ಬರೆಯುವ ನವೋದಯ ಪರೀಕ್ಷೆಯಲ್ಲಂತೂ 80 ಪ್ರಶ್ನೆಗಳಲ್ಲಿ 40, ಎಂದರೆ ಸರಿಯಾಗಿ ಅರ್ಧ, ಮಾನಸಿಕ ಸಾಮರ್ಥ್ಯದ್ದು. ಹತ್ತು ವರ್ಷದ ಕೂಸಿನಿಂದ ಮೂವತ್ತರ ಪದವೀಧರನವರೆಗೆ ಯಾರನ್ನೂ ಇದು ಬಿಟ್ಟಿಲ್ಲ.

ಬ್ಯಾಂಕಿನ ಪರೀಕ್ಷೆಯಲ್ಲಿ ಆ 35 ಪ್ರಶ್ನೆಗಳಿಗೆ ಕೊಡುವುದು 20 ನಿಮಿಷ. ಭಾಗಿಸಿ ನೋಡಿದರೆ ಒಂದು ಪ್ರಶ್ನೆಗೆ ಮೂವತ್ತನಾಲ್ಕು ಸೆಕೆಂಡು. ನಮ್ಮ ಹುಡುಗಿ ಕಳೆದ ಸಲ ಒಂದೇ ಒಂದು ಸಾಲಿನ ಒಗಟಿಗೆ ಒಂಬತ್ತು ನಿಮಿಷ ಕಳೆದು, ಅದರ ಕೆಳಗಿನ ಐದು ಪ್ರಶ್ನೆಗಳನ್ನೂ ತಪ್ಪು ಮಾಡಿ ಬಂದಿದ್ದಳು.

ಮೊದಲು ನಾವೂ ಎಲ್ಲರಂತೆ ಒಂದು ತರಬೇತಿ ಕೇಂದ್ರಕ್ಕೆ ಹಣ ಕಟ್ಟಿದೆವು. ಅಲ್ಲಿ ಉಪಾಯಗಳನ್ನು ಕಲಿಸಿದರು. ಅವುಗಳಲ್ಲಿ ಕೆಲವು ಉಪಯುಕ್ತವೇ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಇ, ಜೆ, ಓ, ಟಿ, ವೈ ಎಂಬ ಐದು ಅಕ್ಷರಗಳ ಸ್ಥಾನ 5, 10, 15, 20, 25 ಎಂದು ನೆನಪಿಟ್ಟರೆ ಉಳಿದವನ್ನು ಬೆರಳಲ್ಲಿ ಎಣಿಸಬಹುದು. ಹಿಂದಿನಿಂದ ಎಣಿಸಬೇಕಾದರೆ 27ರಲ್ಲಿ ಕಳೆದರಾಯಿತು. ಸಂಕೇತದ ಪ್ರಶ್ನೆಗಳಿಗೆ ಇದು ಒದಗುತ್ತದೆ. ಆದರೆ ಎರಡು ತಿಂಗಳಾದರೂ ಹುಡುಗಿಯ ಅಂಕ 14ರಿಂದ ಮೇಲಕ್ಕೆ ಏಳಲಿಲ್ಲ. “ಮಾಮಾ, ಉಪಾಯ ಎಲ್ಲಾ ಬರ್ತಾವ. ಯಾವುದು ಯಾವಾಗ ಹಾಕಬೇಕು ಅಂಬೋದು ತಿಳಿಯೂದಿಲ್ಲ” ಎಂದಳು. ಸತ್ಯವಾದ ಮಾತು.

ಕಡತದಲ್ಲಿಲ್ಲದ್ದು

ಒಂದು ಭಾನುವಾರ ಅವಳ ಪುಸ್ತಕ ತೆಗೆದುಕೊಂಡು ನಾವೇ ಕೂತೆವು. ಪ್ರಶ್ನೆ ಹೀಗಿತ್ತು: ಎಲ್ಲ ಗುಮಾಸ್ತರು ಕವಿಗಳು. ಕೆಲವು ಕವಿಗಳು ಗಾಯಕರು. ಹಾಗಾದರೆ ಕೆಲವು ಗುಮಾಸ್ತರು ಗಾಯಕರು ಎನ್ನಬಹುದೇ?

ಅಡಿಗೆಮನೆಯಿಂದ ನಮ್ಮ ಮನೆಯಾಕೆ, “ಗುಮಾಸ್ತರು ಕವಿಗಳು ಆಗೂದು ಎಲ್ಲ್ಯಾದರೂ ಉಂಟೇನು?” ಎಂದಳು. ಹುಡುಗಿ ನಕ್ಕು, “ಹೌದು, ಅನ್ನಬಹುದು” ಎಂದು ಗುರುತು ಹಾಕಿದಳು. ಉತ್ತರ ತಪ್ಪು.

ಆಗ ನಮಗೆ ನಮ್ಮ ಕಚೇರಿಯ ಮೊದಲ ವರ್ಷ ನೆನಪಾಯಿತು. ಒಂದು ಕಡತದ ಮೇಲೆ ನಾವು ಟಿಪ್ಪಣಿ ಬರೆದು, ಅರ್ಜಿದಾರ ಬಡವನಾದ್ದರಿಂದ ಎಂದು ಒಂದು ಮಾತು ಸೇರಿಸಿದ್ದೆವು. ನಮ್ಮ ಮೇಲಿನವರು ಕರೆದು, “ಬಡವ ಅಂತ ಈ ಕಡತದಾಗ ಎಲ್ಲಿ ಅದ, ತೋರಿಸ್ರಿ” ಎಂದರು. ಎಲ್ಲಿಯೂ ಇರಲಿಲ್ಲ. ಆ ಮನುಷ್ಯನ ಅಂಗಿ ನೋಡಿ ನಾವೇ ಊಹಿಸಿದ್ದೆವು. “ಕಡತದಾಗ ಇದ್ದದ್ದು ಬರೀರಿ, ಇಲ್ಲದ್ದು ಬರೀಬ್ಯಾಡ್ರಿ” ಎಂದು ಅವರು ಕೆಂಪು ಶಾಯಿಯಿಂದ ಆ ಸಾಲು ಹೊಡೆದರು. ನೌಕರಿಯಲ್ಲಿ ನಾವು ಕಲಿತ ಮೊದಲ ಪಾಠ ಅದು. ತರ್ಕದ ಪ್ರಶ್ನೆಯ ಮೊದಲ ಪಾಠವೂ ಅದೇ ಎಂಬುದು ಆ ಭಾನುವಾರ ಹೊಳೆಯಿತು.

ಒಂದು ದೊಡ್ಡ ವರ್ತುಲ ಎಳೆದು ಅದಕ್ಕೆ ಕವಿಗಳು ಎಂದು ಹೆಸರಿಡೋಣ. ಗುಮಾಸ್ತರೆಲ್ಲ ಕವಿಗಳೆಂದ ಮೇಲೆ ಗುಮಾಸ್ತರ ಚಿಕ್ಕ ವರ್ತುಲ ಅದರ ಒಳಗೇ ಬರಬೇಕು. ಕೆಲವು ಕವಿಗಳು ಗಾಯಕರು. ಆದ್ದರಿಂದ ಗಾಯಕರ ವರ್ತುಲ ಕವಿಗಳ ವರ್ತುಲವನ್ನು ಎಲ್ಲಿಯಾದರೂ ಮುಟ್ಟಿ ಒಳಗೆ ಬರಬೇಕು. ಅದು ಗುಮಾಸ್ತರವರೆಗೂ ಬರಬಹುದು, ಬಾರದೆಯೂ ಇರಬಹುದು. ಬರಲೇಬೇಕೆಂದು ಕಡತದಲ್ಲಿಲ್ಲ. ಆದ್ದರಿಂದ ಎನ್ನಲಾಗದು. ಹಾಗಾದರೆ ಕೆಲವು ಕವಿಗಳು ಗುಮಾಸ್ತರು ಎನ್ನಬಹುದೇ? ಧಾರಾಳವಾಗಿ ಎನ್ನಬಹುದು, ಚಿಕ್ಕ ವರ್ತುಲ ಪೂರ್ತಿಯಾಗಿ ಒಳಗೇ ಇದೆಯಲ್ಲ.

ಈ ವರ್ತುಲಗಳೇನೂ ಅಶೋಕನಗರದ ಆವಿಷ್ಕಾರವಲ್ಲ. ಆಯ್ಲರ್ ಎಂಬ ಮಹಾಗಣಿತಜ್ಞನು ಜರ್ಮನ್ ರಾಜಕುಮಾರಿಯೊಬ್ಬಳಿಗೆ ಪಾಠ ಹೇಳಲು ಬರೆದ ಕಾಗದಗಳಲ್ಲಿ ಇವನ್ನು ಎಳೆದು ತೋರಿಸಿದ್ದಾನೆ. ಆ ಕಾಗದಗಳು 1768ರಲ್ಲಿ ಅಚ್ಚಾದುವು. 1880ರಲ್ಲಿ ವೆನ್ ಎಂಬ ಆಂಗ್ಲ ಪಂಡಿತನು ಅವನ್ನು ಇನ್ನಷ್ಟು ತಿದ್ದಿದ. ರಾಜಕುಮಾರಿಗೆ ಬೇಕಾದ ಚಿತ್ರ ಬೀದರದ ಹುಡುಗಿಗೆ ಬೇಡವಾದೀತೇ? ಮನಸ್ಸಿನಲ್ಲೇ ಲೆಕ್ಕ ಹಾಕುವೆನೆಂಬ ಹಮ್ಮು ಬೇಡ. ಕಾಗದದ ಮೇಲೆ ಗೀಚಿದರೆ ಕಣ್ಣೇ ಉತ್ತರ ಹೇಳುತ್ತದೆ.

ಅಣ್ಣನೋ, ವರನೋ?

ಎರಡನೆಯ ಭಾನುವಾರ ಸಂಬಂಧದ ಪ್ರಶ್ನೆಗಳು. ಇದರಲ್ಲಿ ನಮ್ಮವರು ಜಾಣರಾಗಿರಬೇಕು. ಇಂಗ್ಲಿಷಿನ ‘ಅಂಕಲ್’ ಎಂಬ ಒಂದೇ ಮಾತಿನಲ್ಲಿ ದೊಡ್ಡಪ್ಪ, ಕಾಕಾ, ಸೋದರಮಾವ ಎಲ್ಲರೂ ಇಕ್ಕಟ್ಟಾಗಿ ಕೂತಿದ್ದಾರೆ. ನಮ್ಮಲ್ಲಿ ಕಾಕಾ ಎಂದ ಕೂಡಲೆ ಅಪ್ಪನ ತಮ್ಮ, ಸೋದರಮಾವ ಎಂದ ಕೂಡಲೆ ತಾಯಿಯ ಒಡಹುಟ್ಟಿದವನು ಎಂದು ಕಣ್ಣಿಗೆ ಕಟ್ಟುತ್ತದೆ. ಇಷ್ಟಾದರೂ ನಮ್ಮ ಹುಡುಗಿ ಇಲ್ಲಿಯೂ ಎಡವಿದಳು.

ಪ್ರಶ್ನೆ: ಒಬ್ಬ ಯುವಕನನ್ನು ತೋರಿಸಿ ಒಬ್ಬಳು ಹೇಳಿದಳು, “ಇವನ ತಾಯಿ, ನನ್ನ ತಾಯಿಯ ತಾಯಿಗೆ ಒಬ್ಬಳೇ ಮಗಳು.” ಅವನು ಅವಳಿಗೆ ಏನಾಗಬೇಕು?

ಹುಡುಗಿ ಓದಿ, “ಅತ್ತಿ ಮಗ” ಎಂದಳು. ನಾವು ಪುಸ್ತಕ ಮುಚ್ಚಿ, “ಪ್ರಶ್ನೆ ಏನು ಹೇಳ್ತದ, ಕನ್ನಡದಾಗ ಹೇಳವ್ವಾ” ಎಂದೆವು. “ಅವನ ಅವ್ವ ನನ್ನ ಅಜ್ಜಿಗೆ ಒಬ್ಬಾಕೆ ಮಗಳು” ಎಂದಳು. ತಪ್ಪು ಸಿಕ್ಕಿತು! ತಾಯಿಯ ತಾಯಿ ಎಂದಿದ್ದುದು ಇವಳ ಬಾಯಲ್ಲಿ ಬರಿಯ ಅಜ್ಜಿಯಾಗಿತ್ತು. ಆ ಅಜ್ಜಿ ತಂದೆಯ ಕಡೆಯ ಅಜ್ಜಿಯಾಗಿ ಮನಸ್ಸಿನಲ್ಲಿ ಕೂತಿದ್ದಳು. ತಂದೆಯ ತಾಯಿಗೆ ಒಬ್ಬಳೇ ಮಗಳೆಂದರೆ ಅವಳು ಸೋದರತ್ತೆ, ಅವಳ ಮಗ ಅತ್ತೆಯ ಮಗ. ತಾಯಿಯ ತಾಯಿಗೆ ಒಬ್ಬಳೇ ಮಗಳೆಂದರೆ ಅವಳು ನನ್ನ ತಾಯಿಯೇ. ಅವಳ ಮಗ ನನ್ನ ಒಡಹುಟ್ಟಿದವನು. ಒಂದು ಮಾತು ಜಾರಿದ್ದಕ್ಕೆ ಅಣ್ಣನಾಗಬೇಕಾದವನು ಲಗ್ನಕ್ಕೆ ಬರುವ ವರನಾದನಲ್ಲ ಎಂದು ಮನೆಯಾಕೆ ಬಿದ್ದು ಬಿದ್ದು ನಕ್ಕಳು. ಹುಡುಗಿಯೂ ನಕ್ಕಳು, ಆದರೆ ಆ ದಿನದಿಂದ ಅವಳು ಅಂಥ ಪ್ರಶ್ನೆಯನ್ನು ಮತ್ತೆ ತಪ್ಪು ಮಾಡಿದ್ದನ್ನು ನಾವು ಕಾಣೆವು.

ಇಲ್ಲಿ ಇನ್ನೊಂದು ಎಚ್ಚರ. ನಮ್ಮಲ್ಲಿ ಅಕ್ಕನ ಮಗಳನ್ನು ತರುವ, ಸೋದರತ್ತೆಯ ಮಗನಿಗೆ ಕೊಡುವ ರೂಢಿ ಹಲವು ಮನೆಗಳಲ್ಲಿದೆ. ಆದ್ದರಿಂದಲೇ ಮಾವ ಎಂಬ ಮಾತು ತಾಯಿಯ ತಮ್ಮನಿಗೂ ಸಲ್ಲುತ್ತದೆ, ಗಂಡನ ತಂದೆಗೂ ಸಲ್ಲುತ್ತದೆ. ಪರೀಕ್ಷೆಯ ಕುಟುಂಬದಲ್ಲಿ ಈ ಬಳಕೆಯ ಲಗ್ನಗಳನ್ನು ಹೇಳದ ಹೊರತು ತರಬಾರದು. ಗಂಡಸಿಗೊಂದು ಚೌಕ, ಹೆಂಗಸಿಗೊಂದು ವರ್ತುಲ, ಲಗ್ನಕ್ಕೆ ಅಡ್ಡಗೆರೆ, ಮಕ್ಕಳಿಗೆ ಕೆಳಗೆರೆ ಹಾಕಿ ವಂಶವೃಕ್ಷ ಬರೆದುಬಿಡಬೇಕು. ಹೆಸರು ನೋಡಿ ಗಂಡು, ಹೆಣ್ಣು ಎಂದೂ ನಿಶ್ಚಯಿಸಬಾರದು. ಅದೂ ಕಡತದಲ್ಲಿಲ್ಲದ್ದೇ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಾಯಿದೆ ಜಾರಿಗೆ ಬಂತು. ಪ್ರಶ್ನೆ ಯಾವ ಭಾಷೆಯಲ್ಲೇ ಇರಲಿ, ಬಿಡಿಸುವ ಮೊದಲು ಅದನ್ನು ಮನೆಮಾತಿನಲ್ಲಿ ಬಾಯಿಬಿಟ್ಟು ಹೇಳಬೇಕು: ಕೊಟ್ಟದ್ದೆಷ್ಟು, ಕೇಳಿದ್ದೇನು? ಹೇಳಲು ಬಾರದಿದ್ದರೆ ಬಿಡಿಸಲು ಹೋಗಬಾರದು.

ಪಂಕ್ತಿಯಲ್ಲಿ ಐವರು

ಸುದ್ದಿ ಹರಡಿ, ಭಾನುವಾರ ಅಕ್ಕಪಕ್ಕದ ಕನ್ನಡ ಮನೆಗಳಿಂದ ನಾಲ್ಕು ಮಕ್ಕಳೂ ಬರತೊಡಗಿದರು. ಅವರೊಡನೆ ಬಿಡಿಸಿದ ಒಂದು ಪ್ರಶ್ನೆಯನ್ನು ವಾಚಕರೂ ಪೆನ್ಸಿಲು ಹಿಡಿದು ನೋಡಬಹುದು.

ಊಟದ ಪಂಕ್ತಿಯಲ್ಲಿ ರಾಮ, ಸೋಮ, ಭೀಮ, ಗೌರಿ, ಉಮಾ ಐವರೂ ಉತ್ತರಕ್ಕೆ ಮುಖ ಮಾಡಿ ಒಂದೇ ಸಾಲಿನಲ್ಲಿ ಕೂತಿದ್ದಾರೆ. ಗೌರಿ, ಉಮಾ ಪಕ್ಕಪಕ್ಕದಲ್ಲಿದ್ದಾರೆ. ಸೋಮ ತುದಿಯಲ್ಲಿಲ್ಲ. ಭೀಮ ನಟ್ಟನಡುವೆ ಇದ್ದಾನೆ. ರಾಮನು ಭೀಮನ ಎಡಗಡೆ ಎಲ್ಲಿಯೋ ಇದ್ದಾನೆ. ಉಮಾ ಭೀಮನ ಪಕ್ಕದಲ್ಲಿಲ್ಲ. ಬಲತುದಿಯಲ್ಲಿ ಯಾರು?

ಮಕ್ಕಳೆಲ್ಲರೂ ಮೊದಲ ವಾಕ್ಯದಿಂದಲೇ ಹೊರಟು ಗೌರಿಯನ್ನೂ ಉಮಾಳನ್ನೂ ಎಲ್ಲಿ ಕೂರಿಸುವುದೆಂದು ತಿಳಿಯದೆ ಕಾಗದ ತುಂಬ ಗೀಚಿದರು. ನಮ್ಮ ಹುಡುಗಿ ಒಂಬತ್ತು ನಿಮಿಷ ಕಳೆದುಕೊಂಡದ್ದೂ ಹೀಗೆಯೇ. ವಾಕ್ಯಗಳ ಕ್ರಮ ಪ್ರಶ್ನೆ ಬರೆದವನದು. ಬಿಡಿಸುವ ಕ್ರಮ ನಮ್ಮದು. ಅಲುಗದ ಮಾತು ಯಾವುದು? ಭೀಮ ನಡುವೆ ಎಂಬುದು. ಐದು ಗೆರೆ ಎಳೆದು ಮೂರನೆಯದಕ್ಕೆ ಭೀಮನನ್ನು ಕೂರಿಸಿ. ಈಗ ಎಡಕ್ಕೆ ಎರಡು, ಬಲಕ್ಕೆ ಎರಡು ಸ್ಥಾನ ಉಳಿದುವು. ರಾಮ ಎಡಕ್ಕೆ ಬಂದರೆ ಅಲ್ಲಿ ಒಂದೇ ಸ್ಥಾನ ಉಳಿಯುತ್ತದೆ. ಜೋಡಿಯಾಗಿರುವ ಗೌರಿ, ಉಮಾ ಬಲಕ್ಕೇ ಹೋಗಬೇಕು. ಉಳಿದ ಸೋಮ ಎಡಕ್ಕೆ. ತುದಿಯಲ್ಲಿಲ್ಲದ ಕಾರಣ ಎರಡನೆಯವನು, ರಾಮ ಮೊದಲನೆಯವನು. ಉಮಾ ಭೀಮನ ಪಕ್ಕದಲ್ಲಿಲ್ಲವೆಂದ ಮೇಲೆ ಗೌರಿ ನಾಲ್ಕನೆಯವಳು, ಬಲತುದಿಯಲ್ಲಿ ಉಮಾ. ಮೂವತ್ತನಾಲ್ಕು ಸೆಕೆಂಡು ಸಾಕೇ ಸಾಕು.

ಎರಡು ಸಾಲಿನವರು ಎದುರುಬದುರಾಗಿ ಕೂತ ಪ್ರಶ್ನೆ ಬಂದರೆ ಮಕ್ಕಳಿಗೆ ಎಡಬಲಗಳ ಗೊಂದಲ. ಅದಕ್ಕೆ ನಮ್ಮ ಮನೆಯಾಕೆ ಹೇಳಿಕೊಟ್ಟ ಉಪಾಯವನ್ನು ಯಾವ ಪುಸ್ತಕದಲ್ಲಿಯೂ ಕಾಣಲಿಲ್ಲ. ಬಾಳೆಯೆಲೆಯಲ್ಲಿ ಉಪ್ಪು ಉಣ್ಣುವವನ ಎಡಕ್ಕೆ ಬರಬೇಕು. ಎದುರಿಗೆ ನಿಂತು ಬಡಿಸುವವಳಿಗೆ ಅದು ಬಲಗಡೆ. ಒಂದು ಸಲ ಎಲೆ ಹಾಸಿ ಮಕ್ಕಳ ಕೈಯಿಂದ ಬಡಿಸಿದಳು. ಗೊಂದಲ ಅಲ್ಲಿಗೆ ಮುಗಿಯಿತು.

ದಿಕ್ಕಿನ ಪ್ರಶ್ನೆಗಳೂ ಹೀಗೆಯೇ. ಹಳ್ಳಿಯಲ್ಲಿ ನಮ್ಮ ಅಜ್ಜಿ ಮೂಡಲ ಬಾಗಿಲು, ತೆಂಕಣ ಹೊಲ ಎಂದು ದಿಕ್ಕಿನಿಂದಲೇ ಮಾತಾಡುತ್ತಿದ್ದರು. ಪಟ್ಟಣದ ಮಕ್ಕಳಿಗೆ ಗೊತ್ತಿರುವುದು ಫೋನು ಹೇಳುವ ಎಡ, ಬಲ ಮಾತ್ರ. ಒಂದು ಬೆಳಗ್ಗೆ ಮಹಡಿಯ ಮೇಲೆ ನಿಲ್ಲಿಸಿ, ಸೂರ್ಯನಿಗೆ ಮುಖ ಮಾಡಿಸಿ, ಹುಸೇನ್ ಸಾಗರ ವಾಯವ್ಯಕ್ಕೆ, ಕಾಚಿಗುಡ ಆಗ್ನೇಯಕ್ಕೆ ಎಂದು ತೋರಿಸಿದೆವು. ನವೋದಯಕ್ಕೆ ಓದುವ ಚಿಕ್ಕವರಿಗೆ ಕನ್ನಡಿಯ ಬಿಂಬ, ಅರ್ಧ ಚಿತ್ರ ಪೂರ್ತಿಮಾಡುವುದು ಮುಂತಾದ ಆಕೃತಿಯ ಪ್ರಶ್ನೆಗಳಿರುತ್ತವೆ. ಅದಕ್ಕೆ ಅಂಗಳದ ಚುಕ್ಕಿ ರಂಗೋಲಿಗಿಂತ ಒಳ್ಳೆಯ ಪಾಠವುಂಟೇ? ಅರ್ಧ ನೀವು ಬರೆಯಿರಿ, ಉಳಿದರ್ಧ ಮಗುವಿಗೆ ಬಿಡಿ.

ಇಲ್ಲದ ಕಟ್ಟಳೆ

ಇಲ್ಲದ್ದನ್ನು ಸೇರಿಸಬೇಡ ಎಂಬ ಮಾತಿಗೆ ಇನ್ನೊಂದು ಮುಖವುಂಟು. ಹುಲಿ, ಮೇಕೆ, ಹುಲ್ಲಿನ ಹೊರೆಗಳನ್ನು ಚಿಕ್ಕ ದೋಣಿಯಲ್ಲಿ ಒಂದೊಂದಾಗಿ ಹೊಳೆ ದಾಟಿಸುವ ಕಥೆ ನಮ್ಮ ಅಜ್ಜಿಯರೆಲ್ಲ ಹೇಳಿದ್ದೇ. ಹುಲಿಯೊಡನೆ ಮೇಕೆಯನ್ನೂ ಮೇಕೆಯೊಡನೆ ಹುಲ್ಲನ್ನೂ ಬಿಡುವಂತಿಲ್ಲ. ಯುರೋಪಿನಲ್ಲಿ ಇದೇ ಒಗಟು ತೋಳ, ಮೇಕೆ, ಕೋಸಿನ ರೂಪದಲ್ಲಿ, 804ರಲ್ಲಿ ತೀರಿಕೊಂಡ ಆಲ್ಕ್ವಿನ್ ಎಂಬ ಪಂಡಿತನ ಹೆಸರಿನಲ್ಲಿರುವ ಒಂದು ಹಳೆಯ ಸಂಗ್ರಹದಲ್ಲಿದೆ. ಹುಡುಗರ ಬುದ್ಧಿಯನ್ನು ಮಸೆಯಲೆಂದೇ ಮಾಡಿದ ಸಂಗ್ರಹ ಅದು.

ಮಕ್ಕಳು ಇದರಲ್ಲಿ ಸಿಕ್ಕಿಬೀಳುವುದು ಒಂದೇ ಕಡೆ. ಮೊದಲು ಮೇಕೆಯನ್ನು ದಾಟಿಸುತ್ತಾರೆ. ಆಮೇಲೆ ಹುಲಿಯನ್ನು ಒಯ್ದರೂ ತೊಂದರೆ, ಹುಲ್ಲನ್ನು ಒಯ್ದರೂ ತೊಂದರೆ ಎಂದು ಕೈಚೆಲ್ಲುತ್ತಾರೆ. ಒಮ್ಮೆ ದಾಟಿಸಿದ ಮೇಕೆಯನ್ನು ಹಿಂದಕ್ಕೆ ತರಬಹುದೆಂದು ಅವರಿಗೆ ತೋಚುವುದಿಲ್ಲ. ತರಬಾರದೆಂದು ಯಾರು ಹೇಳಿದರು? ಯಾರೂ ಹೇಳಲಿಲ್ಲ, ತಾವೇ ಕಟ್ಟಳೆ ಹಾಕಿಕೊಂಡರು. ಹುಲಿಯನ್ನು ಒಯ್ದು ಮೇಕೆಯನ್ನು ಮರಳಿ ತಂದು, ಹುಲ್ಲನ್ನು ಒಯ್ದು, ಕೊನೆಗೆ ಮೇಕೆಯನ್ನು ಕರೆದೊಯ್ದರೆ ಮುಗಿಯಿತು. ಇದನ್ನು ಕೇಳುತ್ತ ಕೂತಿದ್ದ ನಮ್ಮ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, “ಮಾಮಾ, ನಾನೂ ಕಡೀ ಸಲ ಅಂತ ಹಾಕ್ಕೊಂಡೇನಲ್ಲ, ಅದೂ ಹಿಂಗೇ ಏನು?” ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಕಟ್ಟಳೆ ಹಾಕಿದವಳು ಅವಳಲ್ಲವಲ್ಲ!

ಬಿಡುವುದೂ ಒಂದು ವಿದ್ಯೆ

ಗೊತ್ತಿಲ್ಲದ ಪ್ರಶ್ನೆಗೆ ದೇವರ ಮೇಲೆ ಭಾರ ಹಾಕಿ ಗುರುತು ಹಾಕುವವರು ಒಂದು ಲೆಕ್ಕ ನೋಡಬೇಕು. ಬ್ಯಾಂಕ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಐದು ಉತ್ತರ ಕೊಟ್ಟಿರುತ್ತಾರೆ. ತಪ್ಪಾದರೆ ಕಾಲು ಅಂಕ ಕಳೆಯುತ್ತಾರೆ. 20 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿಯಲ್ಲಿ 4 ಸರಿ, 16 ತಪ್ಪು. ಬಂದದ್ದು 4, ಹೋದದ್ದು 16ರ ಕಾಲು ಭಾಗ, ಅದೂ 4. ಉಳಿದದ್ದು ಸೊನ್ನೆ. ಕೇಂದ್ರ ಲೋಕಸೇವಾ ಆಯೋಗದ ಪ್ರಾಥಮಿಕ ಪರೀಕ್ಷೆಯಲ್ಲಿ ನಾಲ್ಕು ಉತ್ತರ, ತಪ್ಪಿಗೆ ಮೂರರಲ್ಲೊಂದು ಪಾಲು ಕಡಿತ. ಅಲ್ಲಿ 12 ಪ್ರಶ್ನೆಗೆ 3 ಸರಿ, 9 ತಪ್ಪು, ಮತ್ತೆ ಸೊನ್ನೆಯೇ. ಕುರುಡು ಊಹೆಯಿಂದ ಏನೂ ಗಿಟ್ಟದಂತೆ ಬಲು ಹದವಾಗಿ ಅಳೆದಿದ್ದಾರೆ.

ಆದರೆ ಐದರಲ್ಲಿ ಎರಡು ಖಂಡಿತ ಅಲ್ಲವೆಂದು ತಳ್ಳಿಹಾಕಲು ಬಂದರೆ ಲೆಕ್ಕ ಬದಲಾಗುತ್ತದೆ. ಆಗ 12 ಪ್ರಶ್ನೆಗೆ 4 ಸರಿ, 8 ತಪ್ಪು. 4ರಲ್ಲಿ 2 ಹೋಗಿ 2 ಉಳಿಯಿತು. ಅಂದರೆ ಅರೆತಿಳಿವಿಗೂ ಬೆಲೆಯುಂಟು, ಏನೂ ತಿಳಿಯದಿರುವುದಕ್ಕೆ ಮಾತ್ರ ಇಲ್ಲ. ಒಂದು ಒಗಟಿನಲ್ಲಿ ಒಂದು ನಿಮಿಷ ಕಳೆದರೂ ಅಲುಗದ ಮಾತು ಸಿಗದಿದ್ದರೆ ಬಿಟ್ಟು ಮುಂದೆ ಹೋಗಬೇಕು. ಅತಿಯಾಸೆ ಗತಿಗೇಡು ಎಂಬ ಗಾದೆ ಪರೀಕ್ಷೆಯ ಕೋಣೆಯಲ್ಲಿ ಬರೆದು ಅಂಟಿಸಬೇಕಾದ್ದು.

ಬುದ್ಧಿಯ ಪರೀಕ್ಷೆಯೋ, ಭಾಷೆಯ ಪರೀಕ್ಷೆಯೋ?

ಈ ಮಾತನ್ನು ದೇಶವೇ ಕೇಳಿದ್ದುಂಟು. ಕೇಂದ್ರ ಲೋಕಸೇವಾ ಆಯೋಗವು 2011ರಲ್ಲಿ ತನ್ನ ಪ್ರಾಥಮಿಕ ಪರೀಕ್ಷೆಗೆ, ಜನ ‘ಸಿಸ್ಯಾಟ್’ ಎನ್ನುವ, ತರ್ಕ ಮತ್ತು ಓದುಗ್ರಹಿಕೆಯ ಪತ್ರಿಕೆಯನ್ನು ತಂದಿತು. ಪ್ರಶ್ನೆಗಳು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಇದು ಹಳ್ಳಿಯಿಂದ, ದೇಶಭಾಷೆಯಲ್ಲಿ ಓದಿ ಬಂದವರಿಗೆ ಅನ್ಯಾಯವೆಂದೂ, ಅನುವಾದ ಅರ್ಥವಾಗುವುದಿಲ್ಲವೆಂದೂ 2014ರಲ್ಲಿ ದೆಹಲಿಯಲ್ಲಿ ಚಳವಳಿ ನಡೆಯಿತು. 2015ರಿಂದ ಆ ಪತ್ರಿಕೆಯಲ್ಲಿ ಶೇಕಡ 33 ಅಂಕ ಬಂದರೆ ಸಾಕು, ಅದನ್ನು ಶ್ರೇಣಿಗೆ ಸೇರಿಸುವುದಿಲ್ಲ ಎಂದಾಯಿತು. 2021ರಲ್ಲಿ ಕೇಂದ್ರದ ಹಣಕಾಸು ಇಲಾಖೆಯು ಸರಕಾರಿ ವಲಯದ 12 ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದಿತು. ಕರ್ನಾಟಕದ ಸ್ಥಾನಗಳಿಗೆ ಅರ್ಜಿ ಹಾಕುವವರು ಈಗ ಕನ್ನಡದಲ್ಲಿಯೇ ಬರೆಯಬಹುದು. ಕನ್ನಡ ಮಾಧ್ಯಮದಲ್ಲಿ ಓದಿದವರು ಸಂಕೋಚಪಡದೆ ಕನ್ನಡವನ್ನೇ ಆರಿಸಿಕೊಳ್ಳಲಿ ಎಂಬುದು ನಮ್ಮ ಸಲಹೆ.

ಆದರೆ ಇಲ್ಲಿ, ಹೊರನಾಡಿನಲ್ಲಿ, ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳ ಪಾಡೇನು? ಅವರು ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿಯೇ, ಬರೆಯಲಿ. ಆದರೂ ಮನೆಮಾತು ಅವರಿಗೆ ಒದಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡೆವು. ಇಂಗ್ಲಿಷ್ ವಾಕ್ಯವನ್ನು ಅವರ ಕಣ್ಣು ಓದಿಕೊಂಡು ಓಡುತ್ತದೆ; ‘ಇಲ್ಲ’, ‘ಮಾತ್ರ’, ‘ಕೆಲವು’, ‘ಕನಿಷ್ಠ’ ಎಂಬ ಚಿಕ್ಕ ಮಾತುಗಳು ಓಟದಲ್ಲಿ ಬಿದ್ದುಹೋಗುತ್ತವೆ. ಅದನ್ನೇ ಕನ್ನಡದಲ್ಲಿ ಹೇಳು ಎಂದರೆ ಓಡಲಾಗುವುದಿಲ್ಲ. ಒಂದೊಂದು ಮಾತನ್ನೂ ಕೈಯಲ್ಲಿ ಹಿಡಿದು ನೋಡಿ ಇಡಬೇಕಾಗುತ್ತದೆ. ಬಿದ್ದದ್ದು ಆಗ ಸಿಗುತ್ತದೆ. ಇದಕ್ಕೆ ತಂದೆತಾಯಿಗೆ ಗಣಿತ ಬರಬೇಕಾಗಿಲ್ಲ, ಇಂಗ್ಲಿಷೂ ಬರಬೇಕಾಗಿಲ್ಲ. ಎದುರಿಗೆ ಕೂತು, “ಏನು ಕೊಟ್ಟಾರ, ಏನು ಕೇಳ್ಯಾರ?” ಎಂದು ಕೇಳುವ ತಾಳ್ಮೆ ಇದ್ದರೆ ಸಾಕು.

ಕನ್ನಡದಲ್ಲಿ ಇಂಥ ವಿದ್ಯೆ ಎಲ್ಲಿ ಬಂತು ಎನ್ನುವವರಿಗೆ ಒಂದು ಮಾತು. ಕಾಚಿಗುಡದ ನಮ್ಮ ಕನ್ನಡ ಶಾಲೆಗೆ ನೃಪತುಂಗನ ಹೆಸರಿದೆ. ಒಂಬತ್ತನೆಯ ಶತಮಾನದಲ್ಲಿ ಆ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿಯೇ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದದ್ದು. ಅದು ಸಂಸ್ಕೃತದಲ್ಲಿದೆ, ಹಣ್ಣಿನ ರಾಶಿ, ದಾರಿಹೋಕರಿಗೆ ಸಿಕ್ಕ ಹಣದ ಗಂಟು ಮುಂತಾದ ಸೊಗಸಾದ ಸಮಸ್ಯೆಗಳು ಅದರಲ್ಲಿ ತುಂಬಿವೆ. ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ, ಕಲಬುರ್ಗಿ ಜಿಲ್ಲೆಯ ಸೇಡಂ ತಾಲೂಕಿನದು; ನಮ್ಮ ತಾತಂದಿರ ಕಾಲಕ್ಕೆ ಇದೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಊರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದ. ಲೆಕ್ಕವನ್ನೂ ತರ್ಕವನ್ನೂ ಹೊರಲಾರದಷ್ಟು ಬಡಭಾಷೆಯಲ್ಲ ನಮ್ಮದು.

ಮುಗಿಸುವ ಮುನ್ನ

ಹುಡುಗಿಯ ಅಂಕ ಹದಿನಾಲ್ಕರಿಂದ ಹತ್ತೊಂಬತ್ತಕ್ಕೆ, ಅಲ್ಲಿಂದ ಇಪ್ಪತ್ತನಾಲ್ಕಕ್ಕೆ ಏರಿತು; ಒಮ್ಮೆ ಹದಿನಾರಕ್ಕೆ ಜಾರಿ ಒಂದು ರಾತ್ರಿ ಊಟ ಬಿಟ್ಟದ್ದೂ ಉಂಟು. ಪ್ರಾಥಮಿಕ ಪರೀಕ್ಷೆಯ ದಿನ ನಾವೇ ಕೇಂದ್ರದವರೆಗೆ ಹೋಗಿ ಹೊರಗೆ ಬೇವಿನ ಮರದ ಕೆಳಗೆ ಕಾದೆವು. ಹೊರಗೆ ಬಂದವಳು, “ಮಾಮಾ, ಎಂಟು ಪ್ರಶ್ನಿ ಬಿಟ್ಟು ಬಂದೆ” ಎಂದಳು. ಅವಳು ಪ್ರಶ್ನೆ ಬಿಟ್ಟು ಬಂದದ್ದು ಅದೇ ಮೊದಲು. ಆಗಲೇ ನಮಗೆ ಧೈರ್ಯ ಬಂತು.

ಪ್ರಾಥಮಿಕ ಪರೀಕ್ಷೆ ಆಯಿತು, ಪಾಸಾಗಿದ್ದಾಳೆ. ಮುಖ್ಯ ಪರೀಕ್ಷೆಯನ್ನೂ ಬರೆದು ಬಂದಿದ್ದಾಳೆ. ಇದನ್ನು ಬರೆಯುವ ಹೊತ್ತಿಗೆ ಅದರ ಫಲ ಬಂದಿಲ್ಲ. ಏನಾಗುವುದೆಂದು ಈಗಲೇ ಹೇಳುವುದು ಕಡತದಲ್ಲಿಲ್ಲದ್ದನ್ನು ಬರೆದಂತಾಗುತ್ತದೆ. ಇಷ್ಟು ಮಾತ್ರ ನಡೆದದ್ದು: ಮೊನ್ನೆ ಊರಿನಿಂದ ಭಾವನವರು ಫೋನು ಮಾಡಿ ಮಳೆ, ತೊಗರಿ, ಎಮ್ಮೆಗಳ ವಿಚಾರವೆಲ್ಲ ಮುಗಿಸಿ, ಕೊನೆಗೆ ಗಂಟಲು ಸರಿಮಾಡಿಕೊಂಡು, “ಈ ಸಲ ಆಗಲಿಲ್ಲಂದ್ರ ಇನ್ನೊಂದು ವರ್ಷ ಇರಲಿ ಬಿಡ್ರಿ ಅಲ್ಲೇ. ವರ ಎಲ್ಲಿ ಓಡಿ ಹೋಗ್ತಾರ” ಎಂದರು.

ಫೋನು ಕೆಳಗಿಟ್ಟು ಸುದ್ದಿ ಹೇಳಿದೆವು. ಹುಡುಗಿ ಪಕ್ಕದ ಮನೆಯ ಮಗುವಿಗೆ ಅರ್ಧ ರಂಗೋಲಿ ಬರೆದುಕೊಡುತ್ತಿದ್ದಳು. ತಲೆಯೆತ್ತಿ, “ಮೇಕೆ ಹಿಂದಕ್ಕ ಬಂತು ನೋಡ್ರಿ ಮಾಮಾ” ಎಂದು ನಕ್ಕು, ಮತ್ತೆ ಚುಕ್ಕಿ ಎಣಿಸತೊಡಗಿದಳು.